ಕೊನೇ ಸೊಪ್ಪು ಹಾಕಿದ ಮೇಲೆ

ರೇಷ್ಮೆ ಸಾಕುವ ಮನೆಯಲ್ಲಿ ಹೊತ್ತು ಮುಳುಗಿದ ಮಾತ್ರಕ್ಕೆ ದಿನ ಮುಗಿಯುವುದಿಲ್ಲ. ಹುಳುವಿಗೆ ಕೊನೇ ಸೊಪ್ಪು ಹಾಕಬೇಕು, ಹುಳುಮನೆಯ ಬಾಗಿಲು ಎಳೆದುಕೊಳ್ಳಬೇಕು, ಕೈಕಾಲು ತೊಳೆದು ಜಗಲಿ ಮೇಲೆ ಕೂರಬೇಕು. ಕನಕಪುರ ತಾಲ್ಲೂಕಿನ ನಮ್ಮ ಕೋಡಿಹಳ್ಳಿ ಕಡೆ ಅಜ್ಜಿಗೂ ಅವ್ವನಿಗೂ ನನಗೂ ಇದೇ ಗಡಿಯಾರ. ಬೆಳಗಿನ ಕಾಫಿ ಬಗ್ಗೆ ಕನ್ನಡದಲ್ಲಿ ಬೇಕಾದಷ್ಟು ಬರೆದಿದ್ದಾರೆ. ಹೋಟೆಲ್ ಟೀ ಬಗ್ಗೆಯೂ ಬರೆದಿದ್ದಾರೆ. ದುಡಿಮೆಯೆಲ್ಲ ಮುಗಿದ ಮೇಲೆ ಮನೆಯ ಹೆಂಗಸು ಕೂತು ಕುಡಿಯುವ ಲೋಟಕ್ಕೂ ಒಂದು ಚರಿತ್ರೆ ಇದೆ, ಅದನ್ನು ನಾನು ಬರೆಯುತ್ತಿದ್ದೇನೆ. ಈಗ ನನ್ನ ಲೋಟದಲ್ಲಿರುವುದು ನೀಲಗಿರಿಯ ಬಿಳಿ ಟೀ, ಅದರೊಳಗೆ ನಮ್ಮ ಹಿತ್ತಲಿನ ಹೇರಳೆಕಾಯಿ ಸಿಪ್ಪೆಯ ಘಮ. ಇವೆರಡೂ ಕೋಡಿಹಳ್ಳಿಯಲ್ಲಿ ಬಂದು ಸೇರಿದ್ದು ಹೇಗೆ ಎಂದು ಹಿಂದಕ್ಕೆ ಹೋದರೆ, ಟೀಗಿಂತ ಎಷ್ಟೋ ಮೊದಲೇ ನಿಂಬೆ ಸಿಗುತ್ತದೆ.

ಅಜ್ಜಿ ಸಂಜೆಗೆ ಕುಡಿಯುತ್ತಿದ್ದದ್ದು ಮಜ್ಜಿಗೆ. ಮಜ್ಜಿಗೆ ಇಲ್ಲದ ದಿನ ರಾಗಿ ಅಂಬಲಿ. ಎರಡಕ್ಕೂ ನಿಂಬೆ ಎಲೆ ಬೀಳಬೇಕು. ಎಲೆಯ ನಡುವಿನ ನಾರು ಕಿತ್ತು, ಕಲ್ಲುಪ್ಪಿನ ಜೊತೆ ಅಂಗೈಯಲ್ಲಿ ತಿಕ್ಕಿ, ಚೊಂಬಿಗೆ ಹಾಕಿ ಮುಚ್ಚಿಡುತ್ತಿದ್ದಳು. ಗಿಡ ಇಲ್ಲದ ಮನೆಯವರು ಮಜ್ಜಿಗೆ ಹುಲ್ಲನ್ನು ಗಂಟು ಕಟ್ಟಿ ಹಾಕುತ್ತಿದ್ದರು. ನಮ್ಮ ನಾಡಿನಲ್ಲಿ ಈ ಜಾತಿಯ ಹಣ್ಣುಗಳಿಗೆ ಕೊರತೆಯೇ ಇರಲಿಲ್ಲ. ನಿಂಬೆ, ಗಜನಿಂಬೆ, ಹೇರಳೆ, ಮಾದಲ; ಬೆಂಗಳೂರಿನ ಆಚೆಗೆ ದೇವನಹಳ್ಳಿಯ ಚಕ್ಕೋತ, ಮಲೆನಾಡಿನ ಕಡೆ ಕೊಡಗಿನ ಕಿತ್ತಳೆ. ಚಕ್ಕೋತಕ್ಕೂ ಕೊಡಗಿನ ಕಿತ್ತಳೆಗೂ ಈಗ ಭೌಗೋಳಿಕ ಸೂಚಿಕೆಯ ಮಾನ್ಯತೆ ಇದೆ. ಹೇರಳೆಕಾಯಿಗೆ ಅಂಥ ಪ್ರಚಾರ ಯಾವತ್ತೂ ಸಿಗಲಿಲ್ಲ. ಚಿತ್ರಾನ್ನಕ್ಕೆ, ಗೊಜ್ಜಿಗೆ, ಉಪ್ಪಿನಕಾಯಿಗೆ ಆಗುವ ಹಿತ್ತಲಿನ ಗಿಡವಾಗಿಯೇ ಉಳಿಯಿತು. ನನ್ನ ಕಣ್ಣಿಗೆ ಇವುಗಳಲ್ಲೆಲ್ಲ ಸಿಪ್ಪೆಯ ಘಮಕ್ಕೆ ಅದೇ ಮೇಲು.

ಕೋಡಿಹಳ್ಳಿ ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನದ ಒಂದು ವಲಯವೂ ಹೌದು. ಆನೆ ನಮಗೆ ಹೊಸದಲ್ಲ. ರಾಗಿ ತೆನೆ ಕಟ್ಟಿದ ಕಾಲಕ್ಕೆ ಹೊಲಕ್ಕೆ ನುಗ್ಗುತ್ತವೆ, ಬಾಳೆ ಬಿಡುವುದಿಲ್ಲ, ಹಲಸು ಬಿಡುವುದಿಲ್ಲ. ಹೇರಳೆ ಗಿಡವನ್ನು ಮಾತ್ರ ಮುರಿದದ್ದನ್ನು ನಾನು ಕಂಡಿಲ್ಲ. ಅಸ್ಸಾಮಿನ ಹಳ್ಳಿಗಳಲ್ಲಿ ಆನೆ ತಡೆಯಲು ನಿಂಬೆ ಗಿಡದ ಬೇಲಿಯನ್ನೇ ಬೆಳೆಸುತ್ತಾರೆ ಎಂದು ಓದಿದಾಗ ನಮ್ಮ ಹಿತ್ತಲಿನ ಗಿಡ ಇಷ್ಟು ವರ್ಷ ಉಳಿದದ್ದರ ಕಾರಣ ಹೊಳೆಯಿತು.

ಇನ್ನು ಸಿಹಿ. ಫ್ರಾನ್ಸಿಸ್ ಬುಕಾನನ್ 1800ರಲ್ಲಿ ನಮ್ಮ ಸೀಮೆಯಲ್ಲಿ ಸುತ್ತಾಡಿ ಬರೆದಿಟ್ಟ ಪುಸ್ತಕದಲ್ಲಿ ಚನ್ನಪಟ್ಟಣದ ಮಾತು ಬರುತ್ತದೆ. ಅಲ್ಲಿನ ಗಾಜಿನ ಬಳೆ, ವಾದ್ಯಗಳಿಗೆ ಹಾಕುವ ಉಕ್ಕಿನ ತಂತಿಗಳ ಜೊತೆಗೆ, ಒಂದು ಮನೆತನ ಮಾತ್ರ ಬಲ್ಲ ಬಿಳಿ ಸಕ್ಕರೆಯ ವಿದ್ಯೆಯನ್ನೂ ಅವನು ಹೇಳುತ್ತಾನೆ. ಆ ಸಕ್ಕರೆ ಹೋಗುತ್ತಿದ್ದದ್ದು ಶ್ರೀರಂಗಪಟ್ಟಣದ ಅರಮನೆಗೆ. ಒಕ್ಕಲಿನ ಮನೆಗೆ ಬೆಲ್ಲ. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಶುರುವಾದ ಮೇಲೂ ನಮ್ಮ ಅಡುಗೆಮನೆಯಲ್ಲಿ ಬಹಳ ಕಾಲ ಬೆಲ್ಲವೇ ನಡೆಯಿತು. ಸಕ್ಕರೆ ನೆಂಟರು ಬಂದ ದಿನಕ್ಕೆ. ಕಾಫಿಯೂ ಹಾಗೆಯೇ. ಪುಡಿ ತರುತ್ತಿದ್ದದ್ದು ಕನಕಪುರದಿಂದ, ಕಾಸುತ್ತಿದ್ದದ್ದು ಹೆಣ್ಣು ನೋಡಲು ಬಂದವರಿಗೆ, ಶ್ಯಾನುಭೋಗರಿಗೆ, ಮೇಷ್ಟ್ರಿಗೆ. ದಿನವಿಡೀ ಸೊಪ್ಪು ಕೊಯ್ದ ಹೆಂಗಸು ತನಗೆಂದು ಕಾಫಿ ಕಾಸಿಕೊಂಡು ಕೂತರೆ ಊರೇ ಮಾತಾಡುತ್ತಿತ್ತು.

ಟೀ ಬಂದದ್ದು ಬೇರೆ ದಾರಿಯಲ್ಲಿ. ಅದನ್ನು ನಾವು ಕೇಳಿರಲಿಲ್ಲ. ತೋಟದ ದೊರೆಗಳು ಬೆಳೆದ ಟೀ ಹೊರದೇಶಕ್ಕೆ ಹೋಗಿಯೂ ಮಿಗುತ್ತಿತ್ತು, ಹಾಗಾಗಿ ಅದನ್ನು ಇಲ್ಲಿಯವರಿಗೇ ಕುಡಿಸಬೇಕೆಂದು ಅವರೇ ಕೇಳಿಕೊಂಡು 1903ರಲ್ಲಿ ಟೀ ಸೆಸ್ ಕಾಯಿದೆ ಬಂತು. ರಫ್ತಾಗುವ ಟೀ ಮೇಲೆ ಸುಂಕ ಹಾಕಿ, ಆ ದುಡ್ಡಿನಲ್ಲಿ ಪ್ರಚಾರ. 1937ರಲ್ಲಿ ಅದಕ್ಕೆಂದೇ ಭಾರತೀಯ ಟೀ ಮಾರುಕಟ್ಟೆ ವಿಸ್ತರಣಾ ಮಂಡಳಿ ಆಯಿತು. ರೈಲ್ವೆ ನಿಲ್ದಾಣ, ಸಂತೆ, ಜಾತ್ರೆ, ಗಿರಣಿಗಳ ಬಾಗಿಲು, ಎಲ್ಲ ಕಡೆ ಅವರ ಜನ ಒಲೆ ಹೂಡಿ ಪುಗಸಟ್ಟೆ ಟೀ ಹಂಚಿದರು. ಟೀ ಹೇಗೆ ಕಾಸಬೇಕು ಎನ್ನುವುದನ್ನು ದೇಶಭಾಷೆಗಳಲ್ಲಿ ಬರೆದ ಎನಾಮಲ್ ಫಲಕಗಳನ್ನು ನೇತುಹಾಕಿದರು. ಬ್ರೂಕ್ ಬಾಂಡ್‌ನಂಥ ಕಂಪನಿಗಳ ಮಾರಾಟಗಾರರು ಸಣ್ಣ ಸಣ್ಣ ಪೊಟ್ಟಣಗಳನ್ನು ಊರೂರಿನ ಅಂಗಡಿಗೆ ಮುಟ್ಟಿಸಿದರು. ಅವರು ಹೇಳಿದ್ದು ಒಂದೇ ಮಾತು: ಟೀ ಕುಡಿದರೆ ದಣಿವು ಹೋಗುತ್ತದೆ, ಇನ್ನಷ್ಟು ಕೆಲಸ ಮಾಡಬಹುದು.

ಈ ಮಾತು ನನಗೆ ಮುಖ್ಯ. ಟೀಯನ್ನು ನಮಗೆ ಮಾರಿದ್ದು ದುಡಿಮೆ ನಡುವಿನ ಪಾನೀಯವಾಗಿ, ಕೆಲಸಕ್ಕೆ ವಾಪಸು ಕಳಿಸುವುದಕ್ಕೆ. ಅದೇ ಹೊತ್ತಿಗೆ, 1930ರ ಸುಮಾರಿನಲ್ಲಿ, ಅಸ್ಸಾಮಿನ ಅಮ್‌ಗೂರಿ ತೋಟದಲ್ಲಿ ವಿಲಿಯಂ ಮೆಕರ್ಚರ್ ಎಂಬಾತ ಎಲೆಯನ್ನು ಜಜ್ಜಿ, ಹರಿದು, ಸುರುಳಿ ಮಾಡುವ ಸಿಟಿಸಿ ಯಂತ್ರ ಕಂಡುಹಿಡಿದ. ಆ ಕಾಳು ಟೀ, ಅದರ ಡಸ್ಟು, ಚೂರು ಹಾಕಿದರೂ ಕಡುಬಣ್ಣ ಬಿಡುತ್ತದೆ, ಹಾಲು ಸಕ್ಕರೆ ಎಷ್ಟು ಸುರಿದರೂ ತಡೆಯುತ್ತದೆ, ಕುದಿಸಿ ಕುದಿಸಿ ಮತ್ತೆ ಕಾಸಬಹುದು. ಸ್ವಾತಂತ್ರ್ಯ ಬಂದ ಮೇಲಿನ ದಶಕಗಳಲ್ಲಿ ಬಡವರ ಊರುಗಳನ್ನು ಟೀ ಗೆದ್ದದ್ದು ಈ ಡಸ್ಟಿನಿಂದ. ದಕ್ಷಿಣದವರಿಗೆ ಇವತ್ತಿಗೂ ಡಸ್ಟೇ ಟೀ.

ಗಾಂಧೀಜಿ ಇದನ್ನು ಒಪ್ಪಿರಲಿಲ್ಲ. 1942ರಲ್ಲಿ ಆಗಾ ಖಾನ್ ಅರಮನೆಯ ಸೆರೆಯಲ್ಲಿದ್ದಾಗ ಆರೋಗ್ಯದ ಬಗ್ಗೆ ಬರೆದ ಪುಟ್ಟ ಪುಸ್ತಕದಲ್ಲಿ ಟೀ ಎಲೆಯನ್ನು ಕುದಿಸಿದರೆ ಅದರ ಒಗರು ಹೊಟ್ಟೆಗೆ ಕೆಟ್ಟದ್ದು ಎಂದು ಎಚ್ಚರಿಸುತ್ತಾರೆ. ಜರಡಿಯಲ್ಲಿಟ್ಟ ಎಲೆಯ ಮೇಲೆ ಕುದಿನೀರು ಸುರಿದಾಗ ಇಳಿಯುವ ಒಣಹುಲ್ಲಿನ ಬಣ್ಣದ ನೀರಿಗೆ ಅವರ ಅಷ್ಟೊಂದು ತಕರಾರಿಲ್ಲ. ಒಣಹುಲ್ಲಿನ ಬಣ್ಣದ ಟೀಯನ್ನು ಕೋಡಿಹಳ್ಳಿಯಲ್ಲಿ ಯಾರೂ ಆಗ ಕಂಡಿರಲಿಲ್ಲ.

ನಮ್ಮ ಮನೆಗೆ ಟೀ ಹೊಕ್ಕದ್ದು ಹುಳುವಿನ ಜೊತೆಗೆ. ಟಿಪ್ಪು 1780ರ ದಶಕದಲ್ಲಿ ಬಂಗಾಳಕ್ಕೆ ಜನರನ್ನು ಕಳಿಸಿ ತರಿಸಿದ ರೇಷ್ಮೆ, ನಮ್ಮ ಸೀಮೆಯಲ್ಲಿ ರಾಗಿಯ ಪಕ್ಕದಲ್ಲೇ ಬೇರೂರಿತು. ಅವ್ವನ ಕಾಲದಲ್ಲಿ ಹಿಪ್ಪುನೇರಳೆ ಎಲೆಯನ್ನು ಬಿಡಿ ಬಿಡಿಯಾಗಿ ಕೊಯ್ದು, ಹೆಚ್ಚಿ, ಬಿದಿರು ತಟ್ಟೆಗಳ ಮೇಲೆ ದಿನಕ್ಕೆ ನಾಲ್ಕೈದು ಸಲ ಉದುರಿಸಬೇಕಿತ್ತು. ಮೊಟ್ಟೆ ಒಡೆದ ದಿನದಿಂದ ಗೂಡು ಕಟ್ಟುವತನಕ ಇಪ್ಪತ್ತೈದು ದಿನದ ಆಸುಪಾಸು, ನಡುವೆ ಪೊರೆ ಬಿಡುವ ನಾಲ್ಕು ಜ್ವರ. ನಾಲ್ಕನೇ ಜ್ವರ ಎದ್ದ ಹುಳು ತಿನ್ನುವ ಸದ್ದು ಕೇಳಿದವರಿಗೇ ಗೊತ್ತು. ತಗಡಿನ ಮೇಲೆ ಮಳೆ ಬಿದ್ದ ಹಾಗೆ. ಆಗ ಸರಿರಾತ್ರಿಗೂ ಒಂದು ಸೊಪ್ಪು. ಅವ್ವ ಸಂಜೆ ಕಾಸಿಟ್ಟ ಟೀಯನ್ನು ಆ ಹೊತ್ತಿಗೆ ಬಿಸಿ ಮಾಡಿ, ನಿಂತುಕೊಂಡೇ ಕುಡಿದು, ತಟ್ಟೆ ಇಳಿಸಲು ಹೋಗುತ್ತಿದ್ದಳು. ಹಾಲು ಇದ್ದರೆ ಹಾಲು, ಬೆಲ್ಲ ಇದ್ದರೆ ಬೆಲ್ಲ. ಪ್ರಚಾರ ಮಂಡಳಿಯವರು ಬಯಸಿದ ಟೀ ಅದೇ. ರಾಗಿ ಕಾಲದಲ್ಲಿ ಅಟ್ಟಣೆ ಮೇಲೆ ಕೂತು ಆನೆ ಕಾಯುವ ಗಂಡಸರು ಫ್ಲಾಸ್ಕಿನಲ್ಲಿ ಒಯ್ಯುವುದೂ ಅದೇ.

ನಿಂಬೆ ಹಿಂಡಿದ ಟೀ ಕಲಿಸಿದ್ದು ರಾಮನಗರ. ಮೊದಲೆಲ್ಲ ನೂಲು ಬಿಚ್ಚುವ ರೀಲರುಗಳು ತಾವೇ ಊರಿಗೆ ಬಂದು ಗೂಡಿಗೆ ಬೆಲೆ ಕಟ್ಟುತ್ತಿದ್ದರು. 1959ರ ಕಾಯಿದೆಯಿಂದ ಮೊದಲಾಗಿ ವ್ಯಾಪಾರ ನಿಧಾನಕ್ಕೆ ಸರ್ಕಾರದ ಮಾರುಕಟ್ಟೆಗೆ ಬಂತು, ಹರಾಜು ಬಂತು. ಅಪ್ಪ ಗೂಡಿನ ಮೂಟೆ ಹೊತ್ತು ರಾತ್ರಿಯೇ ಹೊರಟು ಬೆಳಗಿನ ಹರಾಜಿಗೆ ರಾಮನಗರ ಸೇರುತ್ತಿದ್ದ. ಅಲ್ಲಿ ನೂಲು ಬಿಚ್ಚುವವರಲ್ಲಿ ಮುಸಲ್ಮಾನರೇ ಹೆಚ್ಚು. ಗೂಡು ಬೇಯುವ ಬಿಸಿನೀರಿನ ಹಬೆ, ಒಳಗಿನ ಹುಳುವಿನ ವಾಸನೆ, ಇವುಗಳ ನಡುವೆ ದಿನವೆಲ್ಲ ಕೈ ಅದ್ದಿ ಕೂರುವ ಕೆಲಸ ಅವರದು. ಅಪ್ಪನ ಗೂಡನ್ನು ಮೆಚ್ಚಿ ಕೊಳ್ಳುತ್ತಿದ್ದ ಒಬ್ಬ ಹಿರಿಯರು ಒಮ್ಮೆ ಮನೆಗೆ ಕರೆದು ಊಟ ಹಾಕಿ, ಹಾಲಿಲ್ಲದ ಟೀಗೆ ನಿಂಬೆ ಹಿಂಡಿ ಕೊಟ್ಟರಂತೆ. "ಗೌಡ್ರೆ, ಕೆಲಸ ಮುಗೀತಲ್ಲ, ಈಗ ಹಾಲಿನ ಟೀ ಬ್ಯಾಡಿ. ಇದು ಸುಲೈಮಾನಿ, ಹೊಟ್ಟೆ ಹಗುರಾಯ್ತದೆ" ಅಂದರಂತೆ. ಮಲಬಾರಿನಿಂದ ಭಟ್ಕಳದವರೆಗೆ, ಹೈದರಾಬಾದಿನ ಕಡೆಗೂ, ಮುಸಲ್ಮಾನರ ಮನೆಗಳಲ್ಲಿ ಭಾರೀ ಊಟದ ಮೇಲೆ ಬರುವ ಟೀ ಇದು. ಇದನ್ನು ಯಾವ ಮಂಡಳಿಯೂ ನಮಗೆ ಮಾರಲಿಲ್ಲ. ಗೂಡು ಬೆಳೆದವನಿಗೆ ಗೂಡು ಬಿಚ್ಚುವವನು ಕೊಟ್ಟದ್ದು.

ಅಪ್ಪ ಊರಿಗೆ ಬಂದು ಮಾಡಿ ತೋರಿಸಿದ. ಕರ್ರಗಿನ ಟೀಗೆ ನಿಂಬೆಯ ನಾಲ್ಕು ಹನಿ ಬಿದ್ದದ್ದೇ ತಡ ಬಣ್ಣ ತಿಳಿಯಾಗಿ ಜೇನಿನ ಬಣ್ಣಕ್ಕೆ ತಿರುಗಿತು. ಹುಳಿ ತಾಗಿದರೆ ಟೀಯ ಕೆಂಪು ಬಣ್ಣ ಕರಗುತ್ತದೆ ಎಂಬ ರಸಾಯನಶಾಸ್ತ್ರ ನನಗೆ ತಿಳಿದದ್ದು ಕನಕಪುರದ ಕಾಲೇಜಿಗೆ ಹೋದ ಮೇಲೆ. ಅವತ್ತು ನಾವು ಮಕ್ಕಳು ಮತ್ತೆ ಮತ್ತೆ ಮಾಡಿಸಿ ನೋಡಿದೆವು.

ಅದು ನಮ್ಮ ಮನೆಯಲ್ಲಿ ನೆಲೆ ನಿಂತದ್ದಕ್ಕೆ ಇನ್ನೊಂದು ಕಾರಣ ಇದೆ, ಅದು ಡೈರಿ. 1974ರಲ್ಲಿ ಕರ್ನಾಟಕ ಹೈನುಗಾರಿಕೆ ಅಭಿವೃದ್ಧಿ ನಿಗಮ ಆಯಿತು, 1984ರಲ್ಲಿ ಅದೇ ಕರ್ನಾಟಕ ಹಾಲು ಮಹಾಮಂಡಳ. ಹಳ್ಳಿ ಹಳ್ಳಿಗೂ ಸಹಕಾರ ಸಂಘ ಬಂತು, ಹಾಲಿನ ಅಳತೆಗೂ ಜಿಡ್ಡಿನ ಲೆಕ್ಕಕ್ಕೂ ಚೀಟಿ ಬಂತು, ಹೆಂಗಸಿನ ಕೈಗೆ ಮೊದಲ ಸಲ ತಪ್ಪದೆ ದುಡ್ಡು ಬಂತು. ಆ ದುಡ್ಡಿನಲ್ಲಿ ನನ್ನ ಪುಸ್ತಕಗಳು ಬಂದವು, ಬಸ್ಸಿನ ಪಾಸು ಬಂತು. ಡೈರಿಯ ಬಗ್ಗೆ ನಾನು ಎಂದೂ ಹಗುರಾಗಿ ಮಾತಾಡಲಾರೆ. ಆದರೆ ಸಂಜೆ ಕರೆದ ಹಾಲು ಕತ್ತಲಾಗುವ ಮುಂಚೆಯೇ ಕ್ಯಾನು ಸೇರುತ್ತಿತ್ತು. ಮಗುವಿಗೆಂದು, ಹೆಪ್ಪಿಗೆಂದು ಒಂದಿಷ್ಟು ಉಳಿಸಿದರೆ ಮಿಕ್ಕಿದ್ದೆಲ್ಲ ಬೆಂಗಳೂರಿಗೆ. ರಾತ್ರಿ ಕೆಲಸ ಮುಗಿಸಿ ಕೂತ ಅವ್ವನ ಟೀಗೆ ಹಾಲು ಇರುತ್ತಿರಲಿಲ್ಲ. ಹಿತ್ತಲಲ್ಲಿ ನಿಂಬೆ ಇತ್ತು. ಕನಕಪುರ, ಚನ್ನಪಟ್ಟಣ, ಮಾಗಡಿ ಸೀಮೆಯ ಎಷ್ಟೋ ಮನೆಗಳಲ್ಲಿ ಹಾಲಿಲ್ಲದ ಟೀ ಹೀಗೆ ಒಳಗೆ ಬಂತು ಎಂದು ನನ್ನ ನಂಬಿಕೆ. ಈಗ ಅದನ್ನು ಆರೋಗ್ಯದ ಟೀ ಅನ್ನುತ್ತಾರೆ. 2020ರ ಕೊರೋನಾ ಕಾಲದಲ್ಲಿ ಶುಂಠಿ, ನಿಂಬೆ, ಬೆಲ್ಲದ ಟೀ ಊರಿಗೆ ಊರೇ ಕುಡಿಯಿತು.

ಡೈರಿ ತಂದದ್ದಕ್ಕಿಂತ ದೊಡ್ಡ ಬದಲಾವಣೆ ಹುಳುಮನೆಯಲ್ಲೇ ಆಯಿತು. ಎಲೆ ಬಿಡಿಸಿ ಹೆಚ್ಚುವ ಪದ್ಧತಿ ಹೋಗಿ ರೆಂಬೆ ಪದ್ಧತಿ ಬಂತು. ಸೊಪ್ಪಿನ ರೆಂಬೆಗಳನ್ನೇ ಕತ್ತರಿಸಿ ತಂದು ಸ್ಟ್ಯಾಂಡಿನ ಮೇಲೆ ಹಾಸಿದರೆ ಆಯಿತು, ದಿನಕ್ಕೆ ಎರಡು ಮೂರು ಸಲ ಸಾಕು. ಎಳೆ ಹುಳುವನ್ನು ಚಾಕಿ ಕೇಂದ್ರದವರೇ ಸಾಕಿ ಕೊಡುತ್ತಾರೆ. ಸರಿರಾತ್ರಿಯ ಸೊಪ್ಪು ತಪ್ಪಿತು. ನನಗೆ ಕೊನೇ ಸೊಪ್ಪು ಈಗ ರಾತ್ರಿ ಎಂಟರ ಸುಮಾರಿಗೆ. ಅದಾದ ಮೇಲೆ ಮಲಗುವವರೆಗಿನ ಹೊತ್ತು ನನ್ನದು. ಅವ್ವನಿಗೆ ಆ ಹೊತ್ತು ಇರಲೇ ಇಲ್ಲ. ಅವಳು ನಿಂತು ಕುಡಿದದ್ದನ್ನು ನಾನು ಕೂತು ಕುಡಿಯುತ್ತೇನೆ. ಈ ಚರಿತ್ರೆಯಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಇದೇ.

ಹೊತ್ತೇನೋ ಸಿಕ್ಕಿತು. ಆದರೆ ಆ ಹೊತ್ತಿನಲ್ಲಿ ಕಡು ಡಸ್ಟ್ ಟೀ ಕುಡಿದರೆ ನಿದ್ದೆ ಹತ್ತುತ್ತಿರಲಿಲ್ಲ. ಅಂಥ ದಿನಗಳಲ್ಲೇ ನನ್ನ ತಂಗಿಯ ಮಗ ಒಂದು ಪೊಟ್ಟಣ ತಂದ. ಅವನು ಊಟಿ ಕಡೆಯಿಂದ ಬೆಂಗಳೂರಿಗೆ ಕ್ಯಾರೆಟ್ಟು, ಬೀಟ್‌ರೂಟು ಹೇರುವ ಗಾಡಿ ಓಡಿಸುತ್ತಾನೆ. "ದೊಡ್ಡವ್ವ, ಇದಕ್ಕೆ ಹಾಲು ಹಾಕ್ಬಿಟ್ಟೀಯ, ಕುದಿಸಲೂ ಬ್ಯಾಡ" ಎಂದು ಹೇಳಿಕೊಟ್ಟ. ಬಿಚ್ಚಿ ನೋಡಿದರೆ ಟೀ ಪುಡಿಯ ಲಕ್ಷಣವೇ ಇಲ್ಲ. ಉದ್ದನೆಯ ಮೊಗ್ಗುಗಳು, ಮೈಮೇಲೆಲ್ಲ ನವಿರಾದ ಬೆಳ್ಳನೆಯ ರೋಮ.

ಬಿಳಿ ಟೀಯ ತವರು ಚೀನಾದ ಫೂಜಿಯನ್ ಪ್ರಾಂತ್ಯ, ಅಲ್ಲಿನ ಫೂಡಿಂಗ್, ಝೆಂಗ್‌ಹೆ ಊರುಗಳು. ದಪ್ಪ ಮೊಗ್ಗಿನ ಗಿಡಗಳಿಂದ ಬೆಳ್ಳಿಸೂಜಿ ಎಂಬ ಟೀಯನ್ನು ಅವರು 19ನೇ ಶತಮಾನದ ಕೊನೆಯಿಂದ ಮಾಡುತ್ತಿದ್ದಾರೆ. ಕೆಲಸ ಕಡಿಮೆ, ಕಣ್ಣು ಹೆಚ್ಚು ಬೇಕು. ಬಿರಿಯದ ಮೊಗ್ಗನ್ನು ಕೈಯಲ್ಲೇ ಕಿತ್ತು, ತೆಳ್ಳಗೆ ಹರಡಿ ಬಾಡಿಸಿ, ಒಣಗಿಸುವುದು. ಹೊಸೆಯುವುದಿಲ್ಲ, ಜಜ್ಜುವುದಿಲ್ಲ, ಕಪ್ಪಾಗಲು ಬಿಡುವುದಿಲ್ಲ. ಸಿಟಿಸಿ ಯಂತ್ರ ಎಲೆಗೆ ಮಾಡುವುದರಲ್ಲಿ ಒಂದನ್ನೂ ಇಲ್ಲಿ ಮಾಡುವಂತಿಲ್ಲ.

ನೀಲಗಿರಿಗೆ ಟೀ ಗಿಡ ಬಂದದ್ದು 1830ರ ದಶಕದಲ್ಲಿ, ಕೇತಿಯ ಪ್ರಯೋಗ ತೋಟಕ್ಕೆ. 1850ರ ದಶಕದಲ್ಲಿ ಕೂನೂರಿನ ಸುತ್ತ ತೋಟಗಳು ಎದ್ದವು. ಮೊದಮೊದಲು ದೊರೆಗಳ ತೋಟ. ಆಮೇಲೆ, ಸ್ವಾತಂತ್ರ್ಯ ಬಂದ ಮೇಲೆ ವಿಶೇಷವಾಗಿ, ಬಡಗರು ತಮ್ಮ ಸಣ್ಣ ಹಿಡುವಳಿಗಳಲ್ಲಿ ಆಲೂಗಡ್ಡೆಯ ಜೊತೆಗೆ ಟೀ ಹಾಕಿದರು. ಬಡಗರು ನಮಗೆ ದೂರದವರಲ್ಲ. ಮೈಸೂರು ಸೀಮೆಯಿಂದ ಬೆಟ್ಟ ಹತ್ತಿದವರೆಂದು ಅವರೇ ಹೇಳಿಕೊಳ್ಳುತ್ತಾರೆ, ಅವರ ಮಾತು ಕನ್ನಡದ ಹತ್ತಿರದ ನಂಟು, ಅವರ ಊರುಗಳಿಗೆ ಹಟ್ಟಿ ಎಂದೇ ಹೆಸರು. ನಮ್ಮ ಹುಡುಗ ಅವರ ಮನೆಗಳಲ್ಲಿ ಉಂಡು ಮಲಗಿ ಬರುತ್ತಾನೆ. ಅರ್ಧ ಮಾತು ತಿಳಿಯುತ್ತದೆ, ಮಿಕ್ಕದ್ದು ಮುಖ ನೋಡಿದರೆ ತಿಳಿಯುತ್ತದೆ ಅನ್ನುತ್ತಾನೆ. ಕರ್ನಾಟಕದಲ್ಲೂ ಟೀ ಬೆಳೆಯುತ್ತಾರೆ, ಚಿಕ್ಕಮಗಳೂರಿನ ಕೆಳಗೂರು, ಸಕಲೇಶಪುರದ ಕಾಡಮನೆ ತೋಟಗಳು ಹೆಸರಾದವು. ನನಗೆ ಸಿಕ್ಕಿದ್ದು ಮಾತ್ರ ಕೂನೂರಿನದು.

ಹುಳುಮನೆಗೆ ಘಾಟು ವಾಸನೆ ಆಗದು ಎಂಬುದು ಅವ್ವ ಹಾಕಿದ ಕಟ್ಟು. ಬೀಡಿ ಸೇದಿದವರನ್ನು, ಹೂವಿನೆಣ್ಣೆ ಹಚ್ಚಿದವರನ್ನು ಬಾಗಿಲಲ್ಲೇ ತಡೆಯುತ್ತಿದ್ದಳು. ಹೇರಳೆ ಸಿಪ್ಪೆ ಮುಟ್ಟಿದ ಕೈ ಎಷ್ಟು ತೊಳೆದರೂ ಘಮಘಮ ಅನ್ನುತ್ತದೆ. ಹಾಗಾಗಿ ಈ ಟೀಗೆ ಕೊನೇ ಸೊಪ್ಪಿನ ನಂತರದ ಹೊತ್ತೇ ಸರಿ. ನೀರು ಕುದಿ ಬಂದ ಮೇಲೆ ಒಲೆ ಆರಿಸಿ, ಗುಳ್ಳೆ ಪೂರಾ ಅಡಗುವತನಕ ಬಿಡುತ್ತೇನೆ. ಮೊಗ್ಗು ಹಗುರ, ಚಮಚದ ಲೆಕ್ಕ ಸರಿಬರುವುದಿಲ್ಲ. ಮೂರು ಬೆರಳಿಗೆ ಬಂದಷ್ಟು ಎರಡು ಸಲ ಹಾಕಿ, ನೀರು ಸುರಿದು ತಟ್ಟೆ ಮುಚ್ಚುತ್ತೇನೆ. ಐದು ನಿಮಿಷ. ಅಷ್ಟರಲ್ಲಿ ಹೇರಳೆಯ ಸಿಪ್ಪೆಯನ್ನು ಒಳಗಿನ ಬಿಳಿ ತಿರುಳು ಬಾರದ ಹಾಗೆ ತೆಳ್ಳಗೆ ಹೆರೆಯಬೇಕು, ಆ ತಿರುಳು ಬಂದರೆ ಕಹಿ. ಸೋಸಿದ ಲೋಟದ ಮೇಲೆ ಹಿಡಿದು ಹಿಂಡಿದರೆ ಸಿಪ್ಪೆಯ ಗುಳ್ಳೆ ಒಡೆದು ಎಣ್ಣೆ ಚಿಮ್ಮುತ್ತದೆ. ದೀಪದ ಎದುರು ಹಿಡಿದರೆ ಆ ತುಂತುರು ಕಣ್ಣಿಗೆ ಕಾಣುತ್ತದೆ. ರಸ ಹಾಕಬಾರದು. ಡಸ್ಟ್ ಟೀಯ ಒಗರಿಗೆ ನಿಂಬೆಯ ಹುಳಿ ಬೇಕು, ಮೊಗ್ಗಿನ ಟೀಯಲ್ಲಿ ಎದುರು ನಿಲ್ಲುವ ಒಗರೇ ಇಲ್ಲ, ಹುಳಿ ಬಿದ್ದರೆ ಅದರ ಸಿಹಿ ಮುಳುಗಿಹೋಗುತ್ತದೆ. ಇಟಲಿಯ ಕಲಾಬ್ರಿಯಾದ ಬರ್ಗಮಟ್ ಹಣ್ಣಿನ ಸಿಪ್ಪೆ ಎಣ್ಣೆಯನ್ನು ಟೀಗೆ ಸೇರಿಸಿ ಇಂಗ್ಲಿಷರು ಅರ್ಲ್ ಗ್ರೇ ಎಂದು ಹೆಸರಿಟ್ಟು ಮಾರಿದ್ದೂ ಇದೇ ಗುಟ್ಟಿನ ಮೇಲೆ. ಅದೇ ಮೊಗ್ಗಿಗೆ ಎರಡನೇ ಸಲವೂ ನೀರು ಸುರಿಯಬಹುದು, ಅದು ನನ್ನ ಸೊಸೆಗೆ. ಅವಳು ಚೂರು ಬೆಲ್ಲ ಹಾಕಿಕೊಳ್ಳುತ್ತಾಳೆ, ರುಚಿ ಕೆಡುವುದಿಲ್ಲ.

ಟೀ ಬೆಳೆಯುವ ಆ ಮನೆಗಳ ಕಷ್ಟವೂ ಹುಡುಗನ ಬಾಯಿಂದಲೇ ನನಗೆ ತಿಳಿದದ್ದು. ಸಣ್ಣ ಹಿಡುವಳಿಯವರು ಹಸಿ ಎಲೆಯನ್ನು ಕಾರ್ಖಾನೆಗೆ ಹಾಕುತ್ತಾರೆ, ಬೆಲೆ ಅವರ ಕೈಯಲ್ಲಿಲ್ಲ. ಹಸಿ ಎಲೆಗೆ ನ್ಯಾಯವಾದ ದರ ಬೇಕೆಂದು ನೀಲಗಿರಿಯವರು ವರ್ಷಗಳಿಂದ ಧರಣಿ, ಉಪವಾಸ ಮಾಡುತ್ತಿದ್ದಾರೆ. ಹರಾಜಿನ ಕಟ್ಟೆಯಲ್ಲಿ ಗೂಡಿನ ಮುಂದೆ ನಿಂತು ಬೆಲೆ ಕೂಗುವುದನ್ನು ಕಾದ ನಮಗೆ ಅದನ್ನು ವಿವರಿಸಿ ಹೇಳಬೇಕಿಲ್ಲ. ಎಲೆಯನ್ನು ಇವತ್ತು ಕಿತ್ತರೆ ಇವತ್ತೇ ಹಾಕಬೇಕು. ಗೂಡನ್ನೂ ಚಿಟ್ಟೆ ಹೊರಬರುವ ಮುಂಚೆ ಮಾರಲೇಬೇಕು. ಬಿಳಿ ಟೀಗೆ ಮೊಗ್ಗು ಬಿಡಿಸಿ ಕೊಟ್ಟರೆ ಕಿಲೋಗೆ ಹೆಚ್ಚು ಸಿಗುತ್ತದೆ, ಆದರೆ ಒಂದು ಕಿಲೋ ಆಗಬೇಕಾದರೆ ಸಾವಿರಾರು ಮೊಗ್ಗು ಕೀಳಬೇಕು. ಕೀಳುವವರು ಹೆಂಗಸರು. ಅವರ ಬೆರಳಿಗೆ ಬೀಳುವ ಕೂಲಿ ಪೊಟ್ಟಣದ ಬೆಲೆಯಲ್ಲಿ ಸರಿಯಾಗಿ ಸೇರಲಿ, ಆಮೇಲೆ ಪೊಟ್ಟಣ ದುಬಾರಿಯಾದರೂ ನಾನು ಕೊಂಡೇನು. ನನ್ನ ಗೂಡಿಗೂ ನಾನು ಕೇಳುವುದು ಅಷ್ಟೇ.

ಈ ಸಲ ಹುಡುಗನ ಗಾಡಿಯಲ್ಲಿ ಅವನು ಉಂಡು ಮಲಗುವ ಹಟ್ಟಿಯ ಮನೆಗೆ ಒಂದು ಚೀಲ ಹೇರಳೆಕಾಯಿ ಕಳಿಸಿದೆ. ಸಿಪ್ಪೆ ಹೀಗೆ ಹಿಂಡಿ ಎಂದು ಹೇಳಿಯೂ ಕಳಿಸಿದೆ. ಅವರು ಉಪ್ಪಿನಕಾಯಿ ಹಾಕಿದರಂತೆ. ಮೊಗ್ಗಿನ ಟೀ ಅವರ ಮನೆಯಲ್ಲಿ ಇರುವುದಿಲ್ಲ, ಬಿಡಿಸಿದ್ದಷ್ಟನ್ನೂ ಮಾರುತ್ತಾರೆ. ಸಂಜೆ ತೋಟದಿಂದ ಬಂದು ಅವರು ಕುಡಿಯುವುದು ಡಸ್ಟ್ ಟೀ, ಹಾಲು ಹಾಕಿ.